ಚಿತ್ರ ಇದೆ, ಆದರೆ ಯಾವುದು? ಒಂದು ಸಾಕ್ಷ್ಯಚಿತ್ರ ಸಿಂಹಾವಲೋಕನದ ಪ್ರಕರಣ ಅಧ್ಯಯನ

ಒಬ್ಬ ಸ್ವತಂತ್ರ ಸಾಕ್ಷ್ಯಚಿತ್ರ ನಿರ್ದೇಶಕಿಯ ಮೂರೂವರೆ ದಶಕದ ಕೆಲಸ. ಒಟ್ಟು ಹನ್ನೊಂದು ಚಿತ್ರ. ಚಿಕ್ಕದು 14 ನಿಮಿಷ, ದೊಡ್ಡದು 90. ಇವನ್ನು ಐದು ದಿನಗಳ ಸಿಂಹಾವಲೋಕನವಾಗಿ ತೋರಿಸಬೇಕು. ಆರಂಭದಲ್ಲಿ ಸಂಘಟಕರ ಕೈಯಲ್ಲಿದ್ದದ್ದು ಒಂದು ಪುಟದ ಚಿತ್ರಪಟ್ಟಿ ಮತ್ತು ಒಂದು ಹಾರ್ಡ್‌ಡಿಸ್ಕ್. ಹನ್ನೊಂದೂ ಚಿತ್ರಗಳು ಎಂಪಿ4 ಫೈಲುಗಳಾಗಿ ಆ ಡಿಸ್ಕಿನಲ್ಲಿದ್ದವು. ನೋಡಿದವರಿಗೆ ಅರ್ಧ ಕೆಲಸ ಆಗಿಹೋಗಿದೆ ಅನ್ನಿಸುವ ಸ್ಥಿತಿ. (ಇಲ್ಲಿ ಬರುವ ಚಿತ್ರಗಳು, ವ್ಯಕ್ತಿಗಳು ನಿರ್ದಿಷ್ಟ ಒಬ್ಬರದಲ್ಲ, ಇಂಥ ಕೆಲಸಗಳಲ್ಲಿ ಪದೇ ಪದೇ ಎದುರಾಗುವ ಸಂಗತಿಗಳನ್ನು ಒಂದೇ ಪ್ರಕರಣದ ಚೌಕಟ್ಟಿಗೆ ತಂದಿದ್ದೇವೆ.)

ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿದಾಗ ಬೇರೆಯೇ ಚಿತ್ರಣ ಸಿಕ್ಕಿತು. ಎರಡನೆಯ ಚಿತ್ರದ ಅವಧಿ ಪಟ್ಟಿಯಲ್ಲಿ 47 ನಿಮಿಷ, ಫೈಲಿನಲ್ಲಿ 45 ನಿಮಿಷ 7 ಸೆಕೆಂಡು. ಯಾರೋ ದೃಶ್ಯ ಕತ್ತರಿಸಿದ್ದಾರೆ ಎಂದುಕೊಳ್ಳುವ ಮುನ್ನ ಲೆಕ್ಕ ಹಾಕಬೇಕು: 47ನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು ಟಿವಿಗಾಗಿ 25ರ ವೇಗದಲ್ಲಿ ಓಡಿಸಿ ಟೇಪಿಗೆ ಇಳಿಸಿದ್ದರು. ಒಂದು ಫ್ರೇಮೂ ಕಳೆದಿಲ್ಲ. ಆದರೆ ಎಲ್ಲರ ದನಿಯೂ ಹತ್ತಿರಹತ್ತಿರ ಮುಕ್ಕಾಲು ಸೆಮಿಟೋನಿನಷ್ಟು (ಸೆಮಿಟೋನ್ ಎಂದರೆ ಹಾರ್ಮೋನಿಯಮ್ಮಿನ ಪಕ್ಕಪಕ್ಕದ ಎರಡು ಮನೆಗಳ ಶ್ರುತಿಯ ಅಂತರ) ಮೇಲೇರಿ, ಎಲ್ಲರೂ ಕೊಂಚ ಅವಸರದಲ್ಲಿ ಮಾತಾಡುವವರಾಗಿದ್ದಾರೆ. ಐದನೆಯ ಚಿತ್ರದ ಫೈಲು ವಿಎಚ್‌ಎಸ್ ಪ್ರತಿಯಿಂದ ಬಂದದ್ದು, ಚಿತ್ರದ ಮೇಲೆಯೇ ಟೈಮ್‌ಕೋಡ್ (ಪ್ರತಿ ಫ್ರೇಮಿನ ಗಂಟೆ, ನಿಮಿಷ, ಸೆಕೆಂಡಿನ ಗುರುತು) ಅಂಕಿಗಳು ಓಡುತ್ತಿವೆ. ಆರನೆಯದು ಪೂರ್ಣಪ್ರತಿ ಎಂಬ ಹೆಸರಿನಲ್ಲಿ ಕುಳಿತ ಟಿವಿ ಆವೃತ್ತಿ. ಎಂಟನೆಯದರಲ್ಲಿ ಮುಖಗಳೆಲ್ಲ ಉದ್ದುದ್ದ. ಹತ್ತನೆಯದರಲ್ಲಿ ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗಲೆಲ್ಲ ಅಂಚುಗಳು ಬಾಚಣಿಗೆಯ ಹಲ್ಲುಗಳಾಗಿ ಸೀಳುತ್ತವೆ.

ಇಷ್ಟಾದ ಮೇಲೆ ತಂಡ ಚಿತ್ರಪಟ್ಟಿಯನ್ನು ಪಕ್ಕಕ್ಕಿಟ್ಟು ಸಾಮಗ್ರಿಪಟ್ಟಿ ಶುರು ಮಾಡಿತು. ನಮ್ಮ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತಿ ಮುಖ್ಯ ನಿರ್ಧಾರ ಅದೇ. ಸಾಮಾನ್ಯವಾಗಿ ಆಗುವುದು ತಿರುವುಮುರುವು: ಮೊದಲು ಕಾರ್ಯಕ್ರಮ ಪ್ರಕಟವಾಗುತ್ತದೆ, ಆಮೇಲೆ ಪ್ರತಿಗಾಗಿ ಹುಡುಕಾಟ, ಕೊನೆಗೆ ಸಿಕ್ಕಿದ ಫೈಲೇ ಪರದೆಗೆ.

ಸಾಮಗ್ರಿಪಟ್ಟಿ

ಚಿತ್ರಕ್ಕೊಂದು ಸಾಲು ಬರೆದರೆ ಪ್ರಯೋಜನವಿಲ್ಲ, ವಸ್ತುವಿಗೊಂದು ಸಾಲು ಬೇಕು. ಒಂದೇ ಚಿತ್ರಕ್ಕೆ ನೆಗೆಟಿವ್ ಎರಡು ಡಬ್ಬಿ, ಪ್ರಿಂಟ್ ಎರಡು ಡಬ್ಬಿ, ಧ್ವನಿಯ ಮ್ಯಾಗ್ನೆಟಿಕ್ ಫಿಲ್ಮ್ (ಧ್ವನಿ ಮಾತ್ರ ಮುದ್ರಿತವಾದ, ಕಾಂತಲೇಪನದ ಫಿಲ್ಮ್) ಎರಡು, ನಾಲ್ಕು ಟೇಪು, ಒಂದು ಡಿವಿಡಿ ಇರಬಹುದು. ಪ್ರತಿಯೊಂದಕ್ಕೂ ಬೇರೆ ಸಾಲು. ಪ್ರತಿ ಸಾಲಿನಲ್ಲಿ ಇರಬೇಕಾದದ್ದು: ವಸ್ತು ಎಲ್ಲಿದೆ, ಯಾರ ವಶದಲ್ಲಿದೆ, ಮಾಧ್ಯಮ ಯಾವುದು, ಡಬ್ಬಿಯ ಮೇಲೆ ಬರೆದದ್ದೇನು, ಒಳಗೆ ನಿಜವಾಗಿ ಇರುವುದೇನು, ಉದ್ದ, ಸ್ಥಿತಿ. ಡಬ್ಬಿಯ ಬರಹಕ್ಕೂ ಒಳಗಿನ ವಸ್ತುವಿಗೂ ತಾಳೆಯಾಗದಿರುವುದು ಈ ಕ್ಷೇತ್ರದಲ್ಲಿ ಮಾಮೂಲು, ಹಾಗಾಗಿ ಆ ಎರಡು ಕಾಲಂ ಬೇರೆಯಾಗಿಯೇ ಇರಲಿ.

ಉದ್ದ ಅಳೆಯುವುದು ಸುಲಭ. 16 ಎಂಎಂ ಫಿಲ್ಮಿನಲ್ಲಿ ಅಡಿಗೆ 40 ಫ್ರೇಮು. 24ರ ವೇಗದಲ್ಲಿ ನಿಮಿಷಕ್ಕೆ 36 ಅಡಿ. 47 ನಿಮಿಷದ ಚಿತ್ರ ಹತ್ತಿರಹತ್ತಿರ 1,700 ಅಡಿ ಇರಬೇಕು. ಎರಡು ಡಬ್ಬಿ ಸೇರಿ 1,400 ಅಡಿ ಬಂದರೆ ಎಲ್ಲೋ ಇನ್ನೊಂದು ಡಬ್ಬಿ ಇದೆ ಎಂದೇ ಅರ್ಥ.

ಸ್ಥಿತಿ ಪರೀಕ್ಷೆಯ ಮೊದಲ ಉಪಕರಣ ಮೂಗು. ಅಸಿಟೇಟ್ ಎಂಬ ಪ್ಲಾಸ್ಟಿಕ್ ತಳದ ಫಿಲ್ಮ್ ಕೆಡುವಾಗ ಅಸಿಟಿಕ್ ಆಮ್ಲ ಬಿಡುಗಡೆಯಾಗಿ ಡಬ್ಬಿ ತೆರೆದ ಕೂಡಲೇ ವಿನೆಗರ್ ವಾಸನೆ ಹೊಡೆಯುತ್ತದೆ. ಎಷ್ಟರ ಮಟ್ಟಿಗೆ ಎಂಬುದಕ್ಕೆ ಆಮ್ಲಪತ್ತೆಯ ಕಾಗದಪಟ್ಟಿಗಳಿವೆ: ಮುಚ್ಚಿದ ಡಬ್ಬಿಯೊಳಗೆ ಕನಿಷ್ಠ 24 ಗಂಟೆ ಇಟ್ಟರೆ ನೀಲಿಯಿಂದ ಹಸಿರು, ಹಸಿರಿನಿಂದ ಹಳದಿಗೆ ತಿರುಗುತ್ತವೆ. ಅಳತೆ 0ಯಿಂದ 3. 1.5ರ ಹೊತ್ತಿಗೆ ಬಿಡುಗಡೆಯಾದ ಆಮ್ಲವೇ ಮತ್ತಷ್ಟು ಕೊಳೆತಕ್ಕೆ ದಾರಿ ಮಾಡುತ್ತದೆ. ಅಲ್ಲಿಂದಾಚೆಗೆ ಕೆಡುವ ವೇಗ ಏರುತ್ತಲೇ ಹೋಗುತ್ತದೆ. ಅಂಥ ಡಬ್ಬಿಯನ್ನು ಉಳಿದವುಗಳಿಂದ ದೂರ ಇಡಬೇಕು ಮತ್ತು ಅದನ್ನೇ ಮೊದಲು ನಕಲು ಮಾಡಬೇಕು. ಈ ಪ್ರಕರಣದಲ್ಲಿ ಅತಿ ಹೆಚ್ಚು ವಾಸನೆ ಬಂದದ್ದು ಚಿತ್ರದಿಂದಲ್ಲ, ಧ್ವನಿಯ ಮ್ಯಾಗ್ನೆಟಿಕ್ ಫಿಲ್ಮಿನಿಂದ. ಅದರ ಮೇಲಿನ ಐರನ್ ಆಕ್ಸೈಡ್ ಲೇಪನ ಕೊಳೆತವನ್ನು ಚುರುಕುಗೊಳಿಸುತ್ತದೆ, ಹಾಗಾಗಿ ಚಿತ್ರ ಚೆನ್ನಾಗಿದ್ದೂ ಧ್ವನಿ ಮೊದಲು ಹೋಗುವುದುಂಟು.

ಕುಗ್ಗುವಿಕೆಗೆ ಉಕ್ಕಿನ ಅಳತೆಪಟ್ಟಿ ಸಾಕು. 16 ಎಂಎಂ ಪ್ರಿಂಟಿನಲ್ಲಿ ನೂರು ತೂತುಗಳ ಉದ್ದ 762 ಮಿ.ಮೀ. ಇರಬೇಕು. 754 ಬಂದರೆ ಶೇ 1ಕ್ಕಿಂತ ತುಸು ಹೆಚ್ಚೇ ಕುಗ್ಗಿದೆ. ಅಂಥದ್ದನ್ನು ಪ್ರೊಜೆಕ್ಟರಿಗೆ ಹಾಕಿದರೆ ಹಲ್ಲುಚಕ್ರ ತೂತುಗಳನ್ನು ಹರಿಯುತ್ತದೆ. (ನೆಗೆಟಿವ್ ಆದರೆ ತೂತುಗಳ ಅಂತರವೇ ತುಸು ಕಡಿಮೆ, ನೂರಕ್ಕೆ 760.5 ಮಿ.ಮೀ. ಇದನ್ನು ಮರೆತರೆ ಸರಿಯಾದ ನೆಗೆಟಿವ್ ಕೂಡ ಕುಗ್ಗಿದಂತೆ ಕಾಣುತ್ತದೆ.) ಅಳತೆ ಎಷ್ಟೇ ಬರಲಿ, ಜಗತ್ತಿನಲ್ಲಿ ಒಂದೇ ಪ್ರತಿ ಉಳಿದಿದ್ದರೆ ಅದನ್ನು ಪ್ರೊಜೆಕ್ಟರಿಗೆ ಹಾಕಬಾರದು. ಫಿಲ್ಮನ್ನು ಫಿಲ್ಮಾಗಿಯೇ ತೋರಿಸಬೇಕೆಂಬ ಆಸೆ ನ್ಯಾಯವಾದದ್ದೇ, ಆದರೆ ಅದಕ್ಕೆ ಎರಡನೆಯ ಪ್ರಿಂಟ್ ಬೇಕು. ಇಲ್ಲಿ ಇರಲಿಲ್ಲ. ಫಿಲ್ಮಿನಲ್ಲಿ ತೆಗೆದ ಮೊದಲ ಮೂರೂ ಚಿತ್ರಗಳನ್ನು ಸ್ಕ್ಯಾನ್ ಮಾಡಿ ತೋರಿಸುವುದೆಂದು ತೀರ್ಮಾನವಾಯಿತು.

ಎರಡನೆಯ ಚಿತ್ರದ ಧ್ವನಿ

ಹನ್ನೊಂದರಲ್ಲಿ ಅತಿ ಹೆಚ್ಚು ದುಡಿಸಿಕೊಂಡದ್ದು ಈ ಕಪ್ಪುಬಿಳುಪು ಚಿತ್ರ. ನೆಗೆಟಿವ್ ಸಿಗಲಿಲ್ಲ. ಸಿಕ್ಕಿದ್ದು ಧ್ವನಿಪಟ್ಟಿಯೂ ಇರುವ ಒಂದು ಪ್ರಿಂಟ್ (ಕುಗ್ಗಿದ್ದು ಶೇ 0.6) ಮತ್ತು ಅಂತಿಮ ಮಿಶ್ರಣದ ಮ್ಯಾಗ್ನೆಟಿಕ್ ಫಿಲ್ಮ್ (ಶೇ 1.6). ಪ್ರಿಂಟನ್ನು ಹಲ್ಲುಚಕ್ರವಿಲ್ಲದ ಸ್ಕ್ಯಾನರಿನಲ್ಲಿ 2ಕೆ (ಸುಮಾರು ಎರಡು ಸಾವಿರ ಪಿಕ್ಸೆಲ್ ಅಗಲ), 10 ಬಿಟ್ ಡಿಪಿಎಕ್ಸ್ (ಫ್ರೇಮಿಗೊಂದು ಚಿತ್ರಫೈಲು) ಆಗಿ ಇಳಿಸಿದರು. ಒಂದು ಫ್ರೇಮಿಗೆ ಸುಮಾರು 12.6 ಎಂಬಿ, ಗಂಟೆಗೆ 1.1 ಟೆರಾಬೈಟ್. ಮೂರೂ ಫಿಲ್ಮ್ ಚಿತ್ರ ಸೇರಿ 92 ನಿಮಿಷಕ್ಕೆ 1.7 ಟೆರಾಬೈಟ್ ಆಯಿತು. ಎರಡನೆಯ ಪ್ರತಿಗೂ ಅಷ್ಟೇ ಜಾಗ ಬೇಕು.

ಯಾವ ಧ್ವನಿ ಬಳಸಬೇಕು ಎಂಬುದು ಪ್ರಶ್ನೆ. ಪ್ರಿಂಟಿನ ಅಂಚಿನಲ್ಲಿರುವ ಆಪ್ಟಿಕಲ್ ಪಟ್ಟಿ (ಬೆಳಕು ಹಾಯಿಸಿ ಓದುವ ಧ್ವನಿಪಟ್ಟಿ) ಚಿತ್ರದ ಜೊತೆಗೇ ಇದೆ, ಹೊಂದಾಣಿಕೆಯ ತಲೆನೋವಿಲ್ಲ. ಆದರೆ 16 ಎಂಎಂ ಆಪ್ಟಿಕಲ್‌ನಲ್ಲಿ 5–6 ಕಿಲೋಹರ್ಟ್ಸ್ ಮೇಲಿನ ಧ್ವನಿ ಹೆಚ್ಚೇನೂ ಉಳಿಯುವುದಿಲ್ಲ. ಸಂದರ್ಶನದ ಮಾತು ಮಂಕು, ಯಂತ್ರಗಳ ಸದ್ದೆಲ್ಲ ಒಂದೇ ಮುದ್ದೆ. ಮ್ಯಾಗ್ನೆಟಿಕ್ ಫಿಲ್ಮಿನಲ್ಲಿ ಅದೇ ಮಿಶ್ರಣ ಬಹಳ ಸ್ಪಷ್ಟ. ಆದರೆ ಅಷ್ಟು ಕುಗ್ಗಿದ್ದನ್ನು ಹಲ್ಲುಚಕ್ರದ ಯಂತ್ರಕ್ಕೆ ಹಾಕುವಂತಿಲ್ಲವಾದ್ದರಿಂದ, ಹಲ್ಲುಗಳನ್ನು ತೆಗೆದು ಕೇವಲ ರೋಲರಿನಿಂದ ಎಳೆಯುವ ಯಂತ್ರದಲ್ಲಿ ಓಡಿಸಬೇಕಾಯಿತು. ರೋಲರು ಎಳೆಯುವುದು ಉದ್ದದ ಲೆಕ್ಕದಲ್ಲಿ. ಶೇ 1.6 ಕುಗ್ಗಿದ ಫಿಲ್ಮ್ ಅಷ್ಟೇ ಬೇಗ ಮುಗಿಯುತ್ತದೆ. ಚಿತ್ರ 47 ನಿಮಿಷ, ಧ್ವನಿ 46 ನಿಮಿಷ 15 ಸೆಕೆಂಡು. ಕೊನೆಯ ದೃಶ್ಯಕ್ಕೆ ಬರುವಷ್ಟರಲ್ಲಿ ಮಾತು ತುಟಿಗಿಂತ 45 ಸೆಕೆಂಡು ಮುಂದೆ.

ಇಲ್ಲಿ ಅವಸರದ ತಂತ್ರಜ್ಞರು ಮಾಡುವ ಕೆಲಸವೆಂದರೆ ಸಾಫ್ಟ್‌ವೇರಿನಲ್ಲಿ ಶ್ರುತಿ ಬದಲಾಗದಂತೆ ಧ್ವನಿಯನ್ನು ಹಿಗ್ಗಿಸುವುದು. ಅದು ತಪ್ಪು. ವೇಗ ಹೆಚ್ಚಿದಾಗ ಶ್ರುತಿಯೂ ಏರಿದೆ (ಕಾಲು ಸೆಮಿಟೋನಿಗಿಂತ ತುಸು ಹೆಚ್ಚು); ಹಿಂದಕ್ಕೆ ತರುವಾಗ ಎರಡೂ ಒಟ್ಟಿಗೆ ಇಳಿಯಬೇಕು. ಹಾಗಾಗಿ ಹಳೆಯ ಟೇಪನ್ನು ನಿಧಾನಕ್ಕೆ ಓಡಿಸಿದಂತೆ ಮರುಮಾದರೀಕರಣ ಮಾಡಿದರೆ ಮಾತ್ರ ದನಿ ಅದರ ಜಾಗಕ್ಕೆ ಬರುತ್ತದೆ. ಮತ್ತೊಂದು ತೊಡಕು: ಕುಗ್ಗುವಿಕೆ ರೀಲಿನುದ್ದಕ್ಕೂ ಒಂದೇ ಸಮ ಇರುವುದಿಲ್ಲ. ಸರಾಸರಿ ತಿದ್ದುಪಡಿಯ ನಂತರವೂ ನಡುವೆ ಹಲವು ಫ್ರೇಮಿನಷ್ಟು ಹಿಂದುಮುಂದು ಉಳಿಯಿತು. ಕಡೆಗೆ ಪ್ರಿಂಟಿನ ಮಂಕು ಆಪ್ಟಿಕಲ್ ಧ್ವನಿಯೇ ನೆರವಾಯಿತು. ಅದನ್ನು ಕೆಳಗಿನ ಟ್ರ್ಯಾಕಿನಲ್ಲಿಟ್ಟು, ಮ್ಯಾಗ್ನೆಟಿಕ್ ಧ್ವನಿಯ ಅಲೆಗಳನ್ನು ಅದರ ಅಲೆಗಳಿಗೆ ದೃಶ್ಯ ದೃಶ್ಯಕ್ಕೂ ಕೂಡಿಸುತ್ತಾ ಹೋದರು. ಬಾಗಿಲು ಬಡಿದದ್ದು, ಚಪ್ಪಾಳೆ, ಸುತ್ತಿಗೆಯೇಟು ಇವೆಲ್ಲ ಒಳ್ಳೆಯ ಗುರುತುಗಳು. ಆಪ್ಟಿಕಲ್ ಧ್ವನಿಯನ್ನು ಚಿತ್ರಕ್ಕೆ ಕೂಡಿಸುವಾಗಲೂ ಒಂದು ಲೆಕ್ಕ ಬಿಡುವಂತಿಲ್ಲ: 16 ಎಂಎಂ ಪ್ರಿಂಟಿನಲ್ಲಿ ಧ್ವನಿ ತನ್ನ ಚಿತ್ರಕ್ಕಿಂತ 26 ಫ್ರೇಮು ಮುಂದೆ ಇರುತ್ತದೆ. ಸ್ಕ್ಯಾನರು ಇದನ್ನು ತಾನೇ ಸರಿಪಡಿಸಿದೆಯೋ ಇಲ್ಲವೋ ಎಂದು ಕೇಳಿಕೊಳ್ಳದೆ ಮುಂದುವರಿದರೆ ಎಲ್ಲವೂ ಸೆಕೆಂಡಿಗಿಂತ ತುಸು ಹೆಚ್ಚೇ ಜಾರಿರುತ್ತದೆ.

ಮೂರನೆಯ ಚಿತ್ರದ ಬಣ್ಣದ ಪ್ರಿಂಟ್ ಪೂರ್ತಿ ಗುಲಾಬಿಯಾಗಿತ್ತು. ಆ ಕಾಲದ ಬಣ್ಣದ ಪ್ರಿಂಟುಗಳಲ್ಲಿ ಕತ್ತಲಲ್ಲಿಟ್ಟರೂ ಸಯಾನ್ ವರ್ಣ ಮೊದಲು ಮಾಸುವುದರಿಂದ ಹೀಗಾಗುತ್ತದೆ. ಅದೃಷ್ಟಕ್ಕೆ, ಮುಚ್ಚಿಹೋದ ಲ್ಯಾಬಿನಿಂದ ಒಂದು ಸಂಗ್ರಹಾಗಾರಕ್ಕೆ ಹೋದ ದಾಸ್ತಾನಿನಲ್ಲಿ ಎ ಮತ್ತು ಬಿ ರೋಲ್ ನೆಗೆಟಿವ್ ಸಿಕ್ಕಿತು. ಇದರಲ್ಲಿ ಶಾಟುಗಳು ಒಂದು ಬಿಟ್ಟೊಂದು ಎರಡು ರೋಲಿನಲ್ಲಿ ಹಂಚಿಹೋಗಿರುತ್ತವೆ, ನಡುವೆ ಕಪ್ಪು ಲೀಡರ್ (ಚಿತ್ರವಿಲ್ಲದ ಫಿಲ್ಮ್). ಎರಡನ್ನೂ ಸ್ಕ್ಯಾನ್ ಮಾಡಿ, ಗುಲಾಬಿ ಪ್ರಿಂಟನ್ನೇ ನಕ್ಷೆಯಾಗಿಟ್ಟುಕೊಂಡು ಮರುಜೋಡಣೆ ಮಾಡಿದರು. ಡಿಸಾಲ್ವ್‌ಗಳನ್ನು (ಒಂದು ಶಾಟು ಇನ್ನೊಂದರೊಳಗೆ ಕರಗುವ ಕಡೆಗಳನ್ನು) ಅಂದಾಜಿನ ಮೇಲೆ ಹಾಕುವ ಅಗತ್ಯ ಬರಲಿಲ್ಲ. ಪ್ರಿಂಟಿಂಗ್ ಯಂತ್ರಗಳಲ್ಲಿ 16, 24, 32, 48, 64, 96 ಫ್ರೇಮುಗಳೆಂಬ ನಿಗದಿತ ಉದ್ದಗಳೇ ಇರುತ್ತಿದ್ದವು, ಅವುಗಳಲ್ಲಿ ಯಾವುದೆಂದು ನೋಡಿದರಾಯಿತು.

ಮೊದಲ ಚಿತ್ರ ರಿವರ್ಸಲ್ ಫಿಲ್ಮಿನದು. ಕ್ಯಾಮೆರಾದೊಳಗೆ ಓಡಿದ ಫಿಲ್ಮೇ ಪಾಸಿಟಿವ್ ಆಗಿ ಉಳಿದಿರುವುದರಿಂದ ಅದರ ಮೇಲಿನ ಗೀರು ಎಲ್ಲಕ್ಕೂ ಮೂಲದ ಗೀರು. ಹಿಂಬದಿಯ ಗೀರುಗಳು ದ್ರವದೊಳಗೆ ಸ್ಕ್ಯಾನ್ ಮಾಡುವ ವಿಧಾನದಲ್ಲಿ ಮಾಯವಾದವು, ಎಮಲ್ಷನ್ (ಚಿತ್ರ ಮೂಡಿರುವ ಪದರ) ಬದಿಯವು ಉಳಿದವು. ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು ಎಂಬ ವಾದ ಇಲ್ಲೇ ಎದ್ದದ್ದು. ತಂಡ ಒಪ್ಪಿದ ಗೆರೆ ಹೀಗೆ: ಚಿತ್ರೀಕರಣದ ದಿನ ಆದ ದೋಷ ಚಿತ್ರಕ್ಕೆ ಸೇರಿದ್ದು, ಆಮೇಲೆ ಕೂಡಿದ್ದು ಚಿತ್ರದ್ದಲ್ಲ. ಕ್ಯಾಮೆರಾ ಗೇಟಿನಲ್ಲಿ ಸಿಕ್ಕ ಕೂದಲು, ಬೆಳಕು ಸೋರಿದ ಅಂಚು, ಶಾಟಿನ ಮೊದಲ ಒಂದೆರಡು ಬಿಳಿಚಿದ ಫ್ರೇಮು ಉಳಿಯಲಿ. ಸ್ಪ್ಲೈಸಿನ (ಫಿಲ್ಮ್ ತುಂಡುಗಳನ್ನು ಅಂಟಿಸಿದ ಜಾಗದ) ಕೊಳೆ, ಪ್ರೊಜೆಕ್ಟರ್ ಎಳೆದ ಉದ್ದ ಗೀರು ಹೋಗಲಿ.

ಟೇಪುಗಳು

ಯು-ಮ್ಯಾಟಿಕ್ ಎಂಬ ಹಳೆಯ ವಿಡಿಯೊ ಕ್ಯಾಸೆಟ್ ಕೈಗೆ ಬಂದ ಕೂಡಲೇ ತಳದಲ್ಲಿರುವ ಕೆಂಪು ಗುಂಡಿ ತೆಗೆದಿಡಬೇಕು. ಅದು ಇದ್ದರೆ ಟೇಪಿನ ಮೇಲೆ ಮರುಮುದ್ರಣ ಸಾಧ್ಯ. ಮೂಲ ಟೇಪಿನ ಮೇಲೆ ಆಕಸ್ಮಿಕವಾಗಿ ಎರಡು ಸೆಕೆಂಡು ಕಪ್ಪು ಮುದ್ರಣವಾದರೂ ಅದನ್ನು ಹಿಂದಕ್ಕೆ ತರುವ ದಾರಿಯಿಲ್ಲ. ನಾಲ್ಕನೆಯ ಚಿತ್ರದ ಟೇಪು ಯಂತ್ರದಲ್ಲಿ ಕಿರುಗುಟ್ಟುತ್ತಾ ನಿಂತಿತು. ತೇವಾಂಶ ಹೀರಿ ಅಂಟುಪದರ ಸಡಿಲಾದ ಲಕ್ಷಣವದು. ಬಲವಂತವಾಗಿ ಓಡಿಸಿದರೆ ಕಾಂತಪದರವೇ ಕಿತ್ತು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಉಷ್ಣತೆ ಏರುಪೇರಾಗದ ಪ್ರಯೋಗಾಲಯದ ಓವನ್ನಿನಲ್ಲಿ ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆಗೂ ಮೀರಿ ಕಾಯಿಸಿ, ಅಷ್ಟೇ ಹೊತ್ತು ತಣಿಯಲು ಬಿಟ್ಟ ಮೇಲೆ ಸರಾಗವಾಗಿ ಓಡಿತು. ಈ ಸುಧಾರಣೆ ತಾತ್ಕಾಲಿಕ, ಕೂಡಲೇ ನಕಲು ಮಾಡಿಕೊಳ್ಳಬೇಕು. ಅಡುಗೆಮನೆಯ ಓವನ್ ಬೇಡವೇ ಬೇಡ, ಅದರ ಶಾಖ ಗುರಿ ದಾಟಿ ಏರಿಳಿಯುತ್ತದೆ. ಅಸಿಟೇಟ್ ಬೆನ್ನಿನ ಹಳೆಯ ಧ್ವನಿಟೇಪುಗಳಿಗೂ ಈ ಮದ್ದು ಸಲ್ಲದು.

ಐದನೆಯ ಚಿತ್ರದ ಟೇಪಿಗೆ ಬೂಷ್ಟು ಹಿಡಿದಿತ್ತು. ಶುಚಿಗೊಳಿಸಿದರೂ ಹೆಡ್ಡು ಮತ್ತೆ ಮತ್ತೆ ಮುಚ್ಚಿಕೊಂಡು, ಬಿಡಿಬಿಡಿ ಆರು ನಿಮಿಷ ಮಾತ್ರ ಉಳಿಯಿತು.

ಟಿವಿಯವರು ಬಳಸುತ್ತಿದ್ದ ಬೀಟಾಕ್ಯಾಮ್ ಎಸ್‌ಪಿ ಟೇಪುಗಳು ಹೋಲಿಕೆಯಲ್ಲಿ ಗಟ್ಟಿ. ಆದರೆ ಆರನೆಯ ಚಿತ್ರದಲ್ಲಿ ಆದದ್ದು ಕೇಳಿ. ಡಿಸ್ಕಿನ ಫೈಲಿನಲ್ಲಿ ಮಾತು ನಿಂತ ಕಡೆಯೆಲ್ಲ ನಿಶ್ಶಬ್ದ. ಸಿಂಹಾವಲೋಕನಕ್ಕೆಂದು ಅಚ್ಚಾಗಲಿದ್ದ ಕಿರುಹೊತ್ತಗೆಗೆ ಬಂದ ಒಂದು ಲೇಖನದ ಕರಡು ಈ ಮೌನದ ಬಳಕೆಯನ್ನು ಒಂದು ಪ್ಯಾರಾದಷ್ಟು ಕೊಂಡಾಡಿತ್ತು ಕೂಡ. ಟೇಪು ಓಡಿಸಿದಾಗ ತಿಳಿದದ್ದು: ಒಂದನೆಯ ಚಾನೆಲ್ಲಿನಲ್ಲಿ ಮಾತು ಮತ್ತು ನಿರೂಪಣೆ, ಎರಡನೆಯದರಲ್ಲಿ ಸಂಗೀತ ಮತ್ತು ಪರಿಸರದ ಸದ್ದು. ಬೇರೆ ಭಾಷೆಯ ನಿರೂಪಣೆ ಸುಲಭವಾಗಿ ಸೇರಿಸಲೆಂದು ಟಿವಿಗೆ ಹೀಗೆ ಬೇರ್ಪಡಿಸಿ ಕೊಡುವ ರೂಢಿಯಿತ್ತು. ಹಿಂದೆ ಫೈಲು ಮಾಡಿದವರು ಒಂದನೆಯ ಚಾನೆಲ್ಲನ್ನೇ ಎಡಕ್ಕೂ ಬಲಕ್ಕೂ ನಕಲಿಸಿದ್ದರು. ಎರಡನ್ನೂ ಕೂಡಿಸಿದಾಗ ಚಿತ್ರದಲ್ಲಿ ಮಳೆ, ಬಸ್ಸು, ದೂರದ ಲೌಡ್‌ಸ್ಪೀಕರು ಎಲ್ಲ ಇದ್ದವು. ಲೇಖನದ ಪ್ಯಾರಾ ಹೋಯಿತು. ಈ ಎರಡು ಚಾನೆಲ್ಲುಗಳಲ್ಲಿ ಡಾಲ್ಬಿ ಸಿ (ಟೇಪಿನ ಹಿಸ್ಸು ತಗ್ಗಿಸುವ ವಿಧಾನ) ಬಳಕೆಯಾಗಿದೆಯೇ ಎಂಬುದನ್ನೂ ಡಬ್ಬಿಯ ಚೀಟಿಯಲ್ಲಿ ನೋಡಿಕೊಳ್ಳಬೇಕು. ಓಡಿಸುವಾಗ ಡೀಕೋಡ್ ಮಾಡದಿದ್ದರೆ ಧ್ವನಿ ಚುರ್ರೆನ್ನುತ್ತದೆ, ಹಿಸ್ಸು ಹೆಚ್ಚು.

ಟೇಪಿನ ಚಿತ್ರಗಳನ್ನು ನಷ್ಟರಹಿತವಾದ ಎಫ್‌ಎಫ್‌ವಿ1 ರೂಪದಲ್ಲಿ, ಇಂಟರ್‌ಲೇಸ್ (ಫ್ರೇಮಿನ ಸಮ, ಬೆಸ ಗೆರೆಗಳನ್ನು ಬೇರೆ ಬೇರೆ ಕ್ಷಣದಲ್ಲಿ ಹಿಡಿಯುವ ಕ್ರಮ) ಇದ್ದಂತೆಯೇ ಸಂಗ್ರಹಿಸಿದರು. ಸಂಕೋಚಿಸದೆ ಇಟ್ಟರೆ ಗಂಟೆಗೆ ನೂರು ಜಿಬಿ ಬೇಕಾಗುವಲ್ಲಿ ಇದಕ್ಕೆ ಅದರ ಅರ್ಧದಷ್ಟು, ಕೆಲವೊಮ್ಮೆ ಇನ್ನೂ ಕಡಿಮೆ ಸಾಕು.

ಮಿನಿಡಿವಿ ಎಂಬ ಡಿಜಿಟಲ್ ಟೇಪಿನ ವಿಷಯ ಬೇರೆ. ಅದರಲ್ಲಿರುವುದು ಆಗಲೇ ಅಂಕಿಗಳು. ಫೈರ್‌ವೈರ್ ಕೇಬಲ್ಲಿನ ಮೂಲಕ ಎಳೆದರೆ ಇದ್ದದ್ದು ಇದ್ದಂತೆ ಬರುತ್ತದೆ, ಗಂಟೆಗೆ ಸುಮಾರು 13 ಜಿಬಿ. ತಪ್ಪು ಆಗುವುದು ಹೆಡ್ಡಿಗೆ ಓದಲಾಗದ ಭಾಗವನ್ನು ಡೆಕ್ಕು ಸದ್ದಿಲ್ಲದೆ ಪಕ್ಕದ ಫ್ರೇಮಿನ ತುಂಡಿನಿಂದ ತುಂಬಿಬಿಡುವಾಗ. ಒಂದೇ ಟೇಪನ್ನು ಎರಡು ಬೇರೆ ಡೆಕ್ಕುಗಳಲ್ಲಿ ಓಡಿಸಿ, ದೋಷವರದಿ ಹೋಲಿಸಿ, ಪ್ರತಿ ಫ್ರೇಮಿಗೂ ಚೆನ್ನಾಗಿ ಬಂದದ್ದನ್ನು ಆರಿಸಿ ಜೋಡಿಸುವ ಸಾಫ್ಟ್‌ವೇರ್ ಈಗ ಉಚಿತವಾಗಿಯೇ ಇದೆ. ಎಂಟನೆಯ ಚಿತ್ರದ ಉದ್ದಮುಖಗಳಿಗೆ ಕಾರಣ ಇನ್ನೂ ಸರಳ: 16:9ರಲ್ಲಿ ಚಿತ್ರೀಕರಿಸಿ ಅದೇ 720×576 ಪಿಕ್ಸೆಲ್ಲುಗಳೊಳಗೆ ಅಡ್ಡಡ್ಡ ಒತ್ತಿ ಇಟ್ಟಿದ್ದನ್ನು, ಫೈಲು ಮಾಡುವಾಗ ಗುರುತು ಬಿಟ್ಟುಹೋಗಿ, ಸಾಫ್ಟ್‌ವೇರು 4:3 ಎಂದುಕೊಂಡಿತ್ತು. ಅನುಮಾನ ಬಂದಾಗ ಚಿತ್ರದೊಳಗೆ ಎದುರಿನಿಂದ ಕಾಣುವ ಗಡಿಯಾರವನ್ನೋ ಚಕ್ರವನ್ನೋ ಹುಡುಕಿ ಅಡ್ಡ, ಉದ್ದ ಅಳೆದು ನೋಡಿದರೆ ಉತ್ತರ ಸಿಗುತ್ತದೆ.

ಹತ್ತನೆಯ ಎಚ್‌ಡಿವಿ (ಟೇಪಿನಲ್ಲಿ ಮುದ್ರಿಸುವ ಎಚ್‌ಡಿ) ಚಿತ್ರದಲ್ಲಿ ಇಂಟರ್‌ಲೇಸಿನಿಂದ ಬಂದ ಬಾಚಣಿಗೆ ಅಂಚುಗಳು ಫೈಲಿನಲ್ಲೇ ಬೆಸೆದುಹೋಗಿದ್ದವು, ಹಾಗಾಗಿ ಹಳೆಯ ಸಂಕಲನ ಪ್ರಾಜೆಕ್ಟಿನಿಂದ ಮತ್ತೆ ತೆಗೆಯಬೇಕಾಯಿತು. ಫೈನಲ್ ಕಟ್ ಪ್ರೊ 7ರ ಪ್ರಾಜೆಕ್ಟುಗಳು ಹೊಸ ಮ್ಯಾಕ್‌ಗಳಲ್ಲಿ ತೆರೆಯುವುದಿಲ್ಲ. ಹಳೆಯ ಯಂತ್ರವೊಂದನ್ನು ಹುಡುಕಿ, ತೆರೆದ ಕೂಡಲೇ ಬೇರೆ ಸಾಫ್ಟ್‌ವೇರುಗಳೂ ಓದಬಲ್ಲ ಎಕ್ಸ್‌ಎಂಎಲ್ ಆಗಿಯೂ ಉಳಿಸಿಕೊಂಡರು. ಕಾಣೆಯಾದ ಕೆಲವು ತುಣುಕುಗಳನ್ನು ಟೇಪಿನ ಸಂಖ್ಯೆ ಮತ್ತು ಟೈಮ್‌ಕೋಡ್ ನೋಡಿ ಮರುಗ್ರಹಣ ಮಾಡಿದ್ದಾಯಿತು. ಫಾಂಟ್ ಇಲ್ಲದ್ದರಿಂದ ಹೆಸರುಪಟ್ಟಿ ಬೇರೆ ಅಕ್ಷರಗಳಲ್ಲಿ ಬಂದು ಸಾಲುಗಳು ಮುರಿದಿದ್ದವು, ಅದನ್ನು ಹಳೆಯ ಫೈಲು ನೋಡಿಕೊಂಡು ಸರಿಮಾಡಿದರು.

ಎಸ್‌ಡಿ (ಹಳೆಯ ಟಿವಿ ಗುಣಮಟ್ಟದ) ಚಿತ್ರಗಳನ್ನು ದೊಡ್ಡ ಪರದೆಗೆ ಹಿಗ್ಗಿಸುವಾಗ ಕೃತಕ ಬುದ್ಧಿಮತ್ತೆಯ ಸಾಧನ ಬಳಸೋಣ ಎಂಬ ಸಲಹೆ ಬಂತು. ಪರೀಕ್ಷೆಗೆಂದು ಹಾಕಿದ ಒಂದು ತುಣುಕಿನಲ್ಲಿ ದೂರದ ಮುಖಕ್ಕೆ ಇಲ್ಲದ ರೆಪ್ಪೆಗಳು ಮೂಡಿದವು, ಗೋಡೆಬರಹದ ಅಕ್ಷರಗಳು ಯಾವ ಭಾಷೆಯದೂ ಅಲ್ಲದ ಆಕಾರ ತಾಳಿದವು. ಕಥಾಚಿತ್ರಕ್ಕೆ ಅದು ಅಭಿರುಚಿಯ ಪ್ರಶ್ನೆಯಾಗಬಹುದು. ಸಾಕ್ಷ್ಯಚಿತ್ರದಲ್ಲಿ ಅದು ಸಾಕ್ಷ್ಯ ತಿದ್ದಿದಂತೆ. ಮಸುಕಾಗಿದ್ದರೆ ಮಸುಕಾಗಿಯೇ ಇರಲಿ ಎಂದು ಸಾಮಾನ್ಯ ಹಿಗ್ಗಿಸುವಿಕೆಗೇ ನಿಂತರು.

ಯಾವ ಆವೃತ್ತಿ, ಯಾರ ಒಪ್ಪಿಗೆ

ಆರನೆಯ ಚಿತ್ರಕ್ಕೆ ಎರಡು ದೇಹ: ಟಿವಿಯ 52 ನಿಮಿಷ, ನಿರ್ದೇಶಕಿಯ 81 ನಿಮಿಷ. ಹೆಚ್ಚು ಜನ ನೋಡಿದ್ದು ಮೊದಲನೆಯದು. ಅದರ ನಿರೂಪಣೆ ವಾಹಿನಿ ಸೇರಿಸಿದ್ದು. ತೋರಿಸಿದ್ದು ಎರಡನೆಯದನ್ನು, ಆದರೆ ಹೊತ್ತಗೆಯಲ್ಲಿ ಎರಡರ ಅವಧಿಯನ್ನೂ ವ್ಯತ್ಯಾಸವನ್ನೂ ನಮೂದಿಸಿದರು. ಇಲ್ಲದಿದ್ದರೆ ನಾಳೆ ಬರೆಯುವವರು ಎರಡು ಬೇರೆ ಬೇರೆ ಚಿತ್ರಗಳ ಬಗ್ಗೆ ಜಗಳವಾಡುತ್ತಾರೆ.

ಕಷ್ಟದ ಮಾತುಕತೆ ನಡೆದದ್ದು ನಿರ್ದೇಶಕಿಯ ಜೊತೆಗೇ. ಎರಡನೆಯ ಚಿತ್ರದ ನಿರೂಪಣೆ ಈಗ ಅವರಿಗೆ ಉಪದೇಶದಂತೆ ಕೇಳಿಸುತ್ತಿತ್ತು. ಸ್ಕ್ಯಾನ್ ಹೇಗೂ ಆಗಿದೆ, ಮೂರು ನಿಮಿಷ ಕತ್ತರಿಸಿ ನಿರೂಪಣೆ ಹೊಸದಾಗಿ ಓದಿಬಿಡುತ್ತೇನೆ ಎಂದರು. ಹಕ್ಕು ಅವರದೇ, ತಡೆಯುವಂತಿಲ್ಲ. ಆದರೆ ಸಿಂಹಾವಲೋಕನದಲ್ಲಿ ತೋರಿಸಬೇಕಾದದ್ದು ಅಂದು ಬಿಡುಗಡೆಯಾದ ಚಿತ್ರವನ್ನು. ಇಂದಿನ ತಿದ್ದುಪಡಿ ಇಂದಿನ ಇಸವಿ ಹೊತ್ತ ಹೊಸ ಆವೃತ್ತಿಯಾಗಬೇಕೇ ಹೊರತು ಹಳೆಯದರ ಜಾಗದಲ್ಲಿ ಕೂರಬಾರದು. ಹೀಗೆ ಹೇಳಿದಾಗ ಅವರು ಒಪ್ಪಿದರು. ತಮ್ಮ ಅಸಮಾಧಾನವನ್ನು ಪ್ರದರ್ಶನದ ನಂತರದ ಸಂವಾದದಲ್ಲಿ ಹೇಳಿಕೊಂಡರು, ಅದೇ ಆ ದಿನದ ಒಳ್ಳೆಯ ಚರ್ಚೆಯೂ ಆಯಿತು. ನಿರ್ದೇಶಕರು ಇಂಥ ಬೇಡಿಕೆ ಇಡುತ್ತಾರೆಂದು ಎಣಿಸಿಯೇ ಸಂಘಟಕರು ಮೊದಲ ಭೇಟಿಯಲ್ಲೇ ಈ ವಿಷಯ ಎತ್ತುವುದು ಒಳಿತು.

ಹಕ್ಕುಗಳ ವಿಷಯದಲ್ಲಿ ನಿರ್ದೇಶಕಿಯ ಸಹಿ ಒಂದೇ ಸಾಲದು. ಸ್ವಂತ ಹಣದಿಂದ ಮಾಡಿದ ಚಿತ್ರಗಳಿಗೆ ಅವರೇ ನಿರ್ಮಾಪಕಿ. ಮಿಕ್ಕವಕ್ಕೆ ಹಣ ಕೊಟ್ಟವರ ಒಪ್ಪಂದ ತೆಗೆದು ಅವಧಿ, ಪ್ರದೇಶ, ಮಾಧ್ಯಮ ಮೂರನ್ನೂ ನೋಡಬೇಕು. ಆರನೆಯ ಚಿತ್ರದಲ್ಲಿ ಬಳಸಿದ ಸುದ್ದಿತುಣುಕಿನ ಪರವಾನಗಿ ಟಿವಿಗೆ ಮಾತ್ರ, ಅದೂ ಹತ್ತು ವರ್ಷಕ್ಕೆ. ಅವಧಿ ಎಂದೋ ಮುಗಿದಿತ್ತು. ಪ್ರದರ್ಶನಕ್ಕೆ ಸೀಮಿತ ಅನುಮತಿ ಪಡೆಯಲು ತುಣುಕಿನ ನಿಖರ ಆರಂಭ, ಅಂತ್ಯದ ಟೈಮ್‌ಕೋಡ್ ಬೇಕಾಯಿತು, ಅದು ಸಾಮಗ್ರಿಪಟ್ಟಿಯಲ್ಲಿ ಇದ್ದದ್ದರಿಂದ ಪತ್ರವ್ಯವಹಾರ ಎಳೆಯಲಿಲ್ಲ.

ಕಾಗದದಲ್ಲಿ ಇಲ್ಲದ ಒಪ್ಪಿಗೆಯೂ ಇದೆ. ಏಳನೆಯ ಚಿತ್ರದಲ್ಲಿ ಕಾಣುವ ಶಾಲಾಹುಡುಗಿ ಈಗ ವಯಸ್ಕಳು. ಅಂದು ಸಹಿ ಮಾಡಿದವರು ಪೋಷಕರು, ಅಂತರಜಾಲ ಆ ಕಾಗದದ ಕಲ್ಪನೆಯಲ್ಲೇ ಇರಲಿಲ್ಲ. ಕೇಳಿದಾಗ, ಸಭಾಂಗಣದಲ್ಲಿ ತೋರಿಸಿ, ಆನ್‌ಲೈನ್ ಬೇಡ ಎಂದರು. ಕಾನೂನು ಏನೇ ಹೇಳಲಿ, ಆ ಮಾತೇ ಅಂತಿಮವಾಯಿತು.

ಕ್ರಮ ಮತ್ತು ಪರದೆ

ಕೊನೆಗೆ ಒಂಬತ್ತು ಚಿತ್ರ ಉಳಿದವು. ಐದನೆಯದರ ಆರು ನಿಮಿಷದ ಅವಶೇಷ ಸಂವಾದದ ಭಾಗವಾಯಿತು. ಒಂಬತ್ತನೆಯದು ಸಂಸ್ಥೆಯೊಂದಕ್ಕೆ ಮಾಡಿಕೊಟ್ಟ ಪ್ರಚಾರಚಿತ್ರ, ಪಟ್ಟಿಯಲ್ಲಿ ಇಟ್ಟು ಪ್ರದರ್ಶನದಿಂದ ಬಿಟ್ಟರು. ಒಟ್ಟು 471 ನಿಮಿಷ, ಆರು ಪ್ರದರ್ಶನ, ಕೊನೆಯ ದಿನ ಎರಡು. ಇಸವಿಯ ಕ್ರಮದಲ್ಲಿ ತೋರಿಸುವುದು ಸುಲಭದ ದಾರಿ, ಆದರೆ ಅದರಿಂದ ಮೊದಲ ದಿನ ಬಂದವರಿಗೆ ಅತಿ ಕಚ್ಚಾ ಕೆಲಸವೇ ಸಿಗುತ್ತದೆ. ಇಲ್ಲಿ 68 ನಿಮಿಷದ ಎಂಟನೆಯ ಚಿತ್ರದಿಂದ ಆರಂಭಿಸಿದರು. 47 ನಿಮಿಷದ ಎರಡನೆಯ ಚಿತ್ರಕ್ಕೆ 28 ನಿಮಿಷದ ಏಳನೆಯದನ್ನು ಜೋಡಿಸಿದ್ದು ಇಡೀ ಕಾರ್ಯಕ್ರಮದ ಜಾಣತನ: ಒಂದೇ ಊರು, ನಡುವೆ ಎಷ್ಟೋ ವರ್ಷ, ಅದೇ ಬೀದಿಯಲ್ಲಿ ನಿರ್ದೇಶಕಿ ಕ್ಯಾಮೆರಾ ಇಟ್ಟ ದೂರವೇ ಬದಲಾಗಿದೆ.

ಒಂಬತ್ತಕ್ಕೂ ಡಿಸಿಪಿ (ಚಿತ್ರಮಂದಿರದ ಡಿಜಿಟಲ್ ಪ್ರೊಜೆಕ್ಟರಿಗೆ ಕೊಡುವ ಫೈಲುಗಳ ಕಟ್ಟು) ಮಾಡಿದರು. ಫಿಲ್ಮಿನವು 24 ಫ್ರೇಮಿನಲ್ಲಿ, ವಿಡಿಯೊದವು 25ರಲ್ಲಿ. 25ನ್ನು 24ಕ್ಕೆ ಇಳಿಸಿದರೆ 81 ನಿಮಿಷ 84 ನಿಮಿಷ 22 ಸೆಕೆಂಡಾಗುತ್ತದೆ, ದನಿ ಇಳಿಯುತ್ತದೆ; ಟಿವಿಯವರು ಹಿಂದೆ ಮಾಡಿದ ತಪ್ಪನ್ನೇ ತಿರುಗಿಸಿ ಮಾಡಿದ ಹಾಗೆ. ಎಸ್‌ಎಂಪಿಟಿಇ ಎಂಬ ಮಾನದಂಡದ ಡಿಸಿಪಿ 25ನ್ನು ಒಪ್ಪುತ್ತದೆ, ಆದರೆ ಸಭಾಂಗಣದ ಸರ್ವರಿನಲ್ಲಿ ಓಡಿಸಿ ನೋಡಿಯೇ ನಂಬಬೇಕು. ಚೌಕಟ್ಟು 1998×1080, ಅದರೊಳಗೆ ಫಿಲ್ಮಿನ 1.37 ಚಿತ್ರ 1480 ಅಗಲ, 4:3 ವಿಡಿಯೊ 1440, 16:9 ಚಿತ್ರ 1920. ಅಕ್ಕಪಕ್ಕದ ಕಪ್ಪು ಪಟ್ಟಿ ಇರಬೇಕಾದದ್ದೇ. ಪರದೆ ತುಂಬಲೆಂದು ಯಾರೂ ಲೆನ್ಸ್ ಹಿಗ್ಗಿಸದಂತೆ ಪ್ರೊಜೆಕ್ಷನ್ ಕೋಣೆಗೆ ಚೀಟಿ ಹೋಯಿತು.

ವಾರ ಮೊದಲು ಮಾಡಿದ ಪರೀಕ್ಷೆಯಲ್ಲಿ ಮೂರು ಸಂಗತಿ ಸಿಕ್ಕವು. ಮೋನೊ ಧ್ವನಿ ಎಡ ಸ್ಪೀಕರಿನಲ್ಲಷ್ಟೇ ಬರುತ್ತಿತ್ತು. ಫೈಲಿನ ಮೊದಲ ಟ್ರ್ಯಾಕಿಗೆ ಹಾಕಿದರೆ ಅದು ಎಡವೇ, ಮೋನೊ ಇರಬೇಕಾದದ್ದು ಮಧ್ಯದ ಚಾನೆಲ್ಲಿನಲ್ಲಿ. ಪ್ರತ್ಯೇಕ ಪಠ್ಯವಾಗಿ ಕೊಟ್ಟ ಉಪಶೀರ್ಷಿಕೆಗಳಲ್ಲಿ ಒತ್ತಕ್ಷರಗಳು ಬಿಡಿಸಿಕೊಂಡು ಸಾಲಿಗೆ ಬಂದವು, ಏಕೆಂದರೆ ಹಲವು ಸರ್ವರುಗಳಿಗೆ ನಮ್ಮಂಥ ಲಿಪಿಗಳನ್ನು ಜೋಡಿಸುವುದು ತಿಳಿಯದು. ಅವನ್ನು ಚಿತ್ರದ ಮೇಲೆಯೇ ಅಚ್ಚು ಹಾಕಿ ಡಿಸಿಪಿಯನ್ನು ಮತ್ತೆ ಮಾಡಿದರು. ಮೂರನೆಯದು ಧ್ವನಿಮಟ್ಟ: ಒಂದು ಚಿತ್ರಕ್ಕೆ ಸರಿಹೊಂದಿಸಿದ ಫೇಡರಿನಲ್ಲಿ ಮುಂದಿನದು ಕಿವಿಗೆ ಅಪ್ಪಳಿಸಿತು. ಎಲ್ಲ ಚಿತ್ರಗಳ ಸಾಧಾರಣ ಮಾತನ್ನು ಒಂದೇ ಮಟ್ಟಕ್ಕೆ ತಂದದ್ದಾಯಿತು. ಆದರೆ ಒಂದೇ ಚಿತ್ರದ ಒಳಗಿನ ಏರಿಳಿತ ಮುಟ್ಟಲಿಲ್ಲ.

ಪ್ರದರ್ಶನಗಳು ಮುಗಿದ ಮೇಲೆ ಸ್ಕ್ಯಾನುಗಳು, ಟೇಪಿನ ಮೂಲ ಫೈಲುಗಳು, ಡಿಸಿಪಿ, ಸಾಮಗ್ರಿಪಟ್ಟಿ ಎಲ್ಲವನ್ನೂ ಎಂಡಿ5 ಮೊತ್ತಗಳ (ಫೈಲು ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಕೇತಗಳ) ಸಮೇತ ಎರಡು ಎಲ್‌ಟಿಒ (ದತ್ತಾಂಶ ಸಂಗ್ರಹದ) ಟೇಪುಗಳಿಗೂ ಒಂದು ಡಿಸ್ಕಿಗೂ ಬರೆದು, ಒಂದು ಟೇಪು ಸಂಗ್ರಹಾಗಾರಕ್ಕೆ, ಇನ್ನೊಂದು ಬೇರೆ ಊರಿಗೆ, ಡಿಸ್ಕು ನಿರ್ದೇಶಕಿಯ ಮನೆಗೆ ಹೋಯಿತು. ಹಳೆಯ ಎಂಪಿ4 ಫೈಲುಗಳನ್ನು ಅಳಿಸಲಿಲ್ಲ. ಪ್ರತಿಯೊಂದರ ಹೆಸರಿನ ಮುಂದೆ ಅದರ ದೋಷ ಏನೆಂದು ಬರೆದು ಬೇರೆ ಫೋಲ್ಡರಿನಲ್ಲಿ ಇಟ್ಟರು. ಇನ್ನೂ ಬಾಕಿ ಇರುವುದು ಎರಡನೆಯ ಚಿತ್ರದ ನೆಗೆಟಿವ್ ಮತ್ತು ಐದನೆಯ ಚಿತ್ರದ ಒಂದು ಒಳ್ಳೆಯ ಪ್ರತಿ. ಎರಡನ್ನೂ ಹುಡುಕುತ್ತಿರುವುದಾಗಿ, ಅಡಿಲೆಕ್ಕ ಮತ್ತು ಡಬ್ಬಿಯ ಮೇಲೆ ಇರಬಹುದಾದ ಬರಹದ ಸಮೇತ, ಹೊತ್ತಗೆಯ ಕೊನೆಯ ಪುಟದಲ್ಲಿ ಅಚ್ಚಾಗಿದೆ.